ಬೇರಿನ ಗಂಟಿಗೆ ಬೆಳೆ ಸರದಿಯೇ ಮದ್ದು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಸೋಯಾ ಹೊಲಗಳಲ್ಲಿ ಕಣ್ಣಿಗೆ ಬೀಳದ ಜಂತುಹುಳು ವರ್ಷವಿಡೀ ಉಣ್ಣುತ್ತಿದೆ. ಅದಕ್ಕೆ ಊಟ ಬಡಿಸುತ್ತಿರುವುದು ನಾವು ಆರಿಸಿಕೊಂಡ ಬೆಳೆಗಳೇ.

ಸೋಯಾ ಹಳದಿಗೆ ತಿರುಗಿದರೆ ನಮ್ಮ ಸೀಮೆಯಲ್ಲಿ ಕಾರಣಗಳಿಗೆ ಬರವಿಲ್ಲ. ಮಳೆ ಜಾಸ್ತಿಯಾಗಿ ನೀರು ನಿಂತಿತು, ಗೊಬ್ಬರ ಸಾಲಲಿಲ್ಲ, ಬೀಜ ಸರಿಯಿರಲಿಲ್ಲ, ಹಳದಿ ನಂಜು ಬಂತು, ತುಕ್ಕು ಹತ್ತಿತು. ಹೆಚ್ಚಿನ ಸಲ ಇವುಗಳಲ್ಲೊಂದು ನಿಜವೂ ಆಗಿರುತ್ತದೆ. ಆದರೆ ಹೊಲದ ಒಂದು ಮೂಲೆಯಲ್ಲಿ ಮಾತ್ರ ಗಿಡ ಕುಳ್ಳಾಗಿ ನಿಂತು, ಭೂಮಿಯಲ್ಲಿ ಹಸಿ ಇದ್ದರೂ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡು, ಮರುವರ್ಷ ಅದೇ ಜಾಗ ಇನ್ನಷ್ಟು ಅಗಲವಾಗಿದ್ದರೆ, ಎಲೆ ನೋಡಿ ರೋಗ ಹೇಳಲಾಗದು. ಗುದ್ದಲಿ ಹಾಕಿ ಗಿಡವನ್ನು ಮಣ್ಣಿನ ಸಮೇತ ಎಬ್ಬಿಸಿ, ನೀರಿನಲ್ಲಿ ಅದ್ದಿ, ಬೇರು ನೋಡಬೇಕು.

ಸೋಯಾ ಬೇರಿನಲ್ಲಿ ಎರಡು ಬಗೆಯ ಗಂಟುಗಳಿರಬಹುದು. ಒಂದು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಉಗುರು ತಾಗಿಸಿದರೆ ಕಳಚಿ ಬೀಳುತ್ತದೆ, ಒಡೆದರೆ ಒಳಗೆ ಗುಲಾಬಿ ಇಲ್ಲವೇ ಕೆಂಪು ಬಣ್ಣ. ಇದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಗಂಟು. ಎಷ್ಟಿದ್ದರೆ ಅಷ್ಟು ಒಳ್ಳೆಯದು. ಇನ್ನೊಂದು ಬೇರೇ ಊದಿಕೊಂಡು ಆದ ಗಂಟು. ಕೀಳಲು ಹೋದರೆ ಬೇರು ಹರಿಯುತ್ತದೆಯೇ ಹೊರತು ಗಂಟು ಕಳಚುವುದಿಲ್ಲ. ಅದರೊಳಗೆ ಕೂತಿರುವುದು ಬೇರುಗಂಟು ಜಂತುಹುಳು. ಎರಡನೆಯ ಗಂಟು ಹೆಚ್ಚಿದ ಬೇರಿನಲ್ಲಿ ಮೊದಲನೆಯದು ಕಡಿಮೆಯಾಗುತ್ತದೆ. ಸಾರಜನಕವನ್ನು ತಾನೇ ಗಳಿಸಬೇಕಾದ ಬೆಳೆ ಹಳದಿಗೆ ತಿರುಗುವುದೂ, ನಾವು ಯೂರಿಯಾ ಚೀಲ ತರಲು ಹೋಗುವುದೂ ಹೀಗೆ.

ಒಂದು ಬೆಳೆಯಲ್ಲಿ ಮೂರು ತಲೆಮಾರು

ಬೇರುಗಂಟು ಜಂತುಹುಳು ಹೊಸ ಪಿಡುಗಲ್ಲ. 1855ರಲ್ಲಿ ಇಂಗ್ಲೆಂಡಿನ ಗಾಜಿನಮನೆಯೊಂದರ ಸೌತೆ ಬೇರಿನಲ್ಲಿ ಇದನ್ನು ಮೊದಲು ಗುರುತಿಸಿದವರು ಮೈಲ್ಸ್ ಬರ್ಕ್ಲಿ. ಭಾರತದಲ್ಲಿ ಇದರ ಮೊದಲ ದಾಖಲೆ 1901ರದು. ನಮ್ಮ ಗಡಿಯಾಚೆಯ ದೇವಾಲಾದ ಚಹಾ ತೋಟದಲ್ಲಿ ಬಾರ್ಬರ್ ಕಂಡದ್ದು. ಇಂದು ಎರಡು ಸಾವಿರಕ್ಕೂ ಮಿಕ್ಕಿದ ಸಸ್ಯಜಾತಿಗಳ ಬೇರಿನಲ್ಲಿ ಈ ಕುಲದ ಹುಳುಗಳು ಬದುಕಬಲ್ಲವು ಎಂಬುದು ಗೊತ್ತಾಗಿದೆ.

ಮೊಟ್ಟೆಯಿಂದ ಹೊರಬಂದ ಮರಿ ಅರ್ಧ ಮಿಲಿಮೀಟರಿಗಿಂತ ಗಿಡ್ಡ. ಮಣ್ಣಿನ ತೇವದಲ್ಲಿ ತೆವಳಿ ಎಳೆ ಬೇರಿನ ತುದಿಯಿಂದ ಒಳಹೊಕ್ಕು, ಒಂದು ಕಡೆ ಠಿಕಾಣಿ ಹೂಡುತ್ತದೆ. ಅದು ಬಿಡುವ ಜೊಲ್ಲಿಗೆ ಸುತ್ತಲಿನ ಜೀವಕೋಶಗಳು ಹತ್ತಾರು ಪಟ್ಟು ದೊಡ್ಡದಾಗಿ ಬೆಳೆದು, ಗಿಡದ ಆಹಾರವನ್ನು ಅದರ ಬಾಯಿಗೇ ಹರಿಸುತ್ತವೆ. ಹೆಣ್ಣು ಅಲ್ಲೇ ಊದಿ, ಅಂಟಿನ ಚೀಲವೊಂದರಲ್ಲಿ ನೂರಾರು ಮೊಟ್ಟೆ ಇಡುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಇನ್‌ಕಾಗ್ನಿಟಾ ಜಾತಿಗೆ ಮೊಟ್ಟೆಯಿಡಲು ಗಂಡಿನ ಹಂಗೂ ಇಲ್ಲ. ಬೆಚ್ಚಗಿನ ಮಣ್ಣಿನಲ್ಲಿ ಒಂದು ಸುತ್ತು ಮುಗಿಯಲು 25ರಿಂದ 30 ದಿನ ಸಾಕು. ಮೃಗಶಿರಾ ಮಳೆಗೆ ಬಿತ್ತಿದ ಸೋಯಾ 90–95 ದಿನಕ್ಕೆ ಕೊಯ್ಲಿಗೆ ಬರುವಷ್ಟರಲ್ಲಿ ಹುಳು ಮೂರು ತಲೆಮಾರು ಕಂಡಿರುತ್ತದೆ. ಹುಳು ಮಾಡಿದ ಗಾಯದಿಂದ ಸೊರಗು ರೋಗದ ಶಿಲೀಂಧ್ರ ಸುಲಭವಾಗಿ ಒಳನುಗ್ಗುತ್ತದೆ. ಆಗ ಗಿಡ ಸತ್ತದ್ದು ಸೊರಗಿನ ಲೆಕ್ಕಕ್ಕೆ ಬರೆದುಹೋಗುತ್ತದೆ.

ಮಣ್ಣಿನ ಜಂತುಹುಳುಗಳೆಲ್ಲ ವೈರಿಗಳಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಬಹುಪಾಲು ಜಾತಿಗಳು ಬ್ಯಾಕ್ಟೀರಿಯಾ, ಶಿಲೀಂಧ್ರ ತಿಂದು ಬದುಕುತ್ತವೆ. ತಿಂದ ಸಾರಜನಕದಲ್ಲಿ ಹೆಚ್ಚಾದದ್ದನ್ನು ಬೇರಿಗೆ ಸಿಗುವಂತೆ ಮಣ್ಣಿಗೆ ಬಿಡುತ್ತವೆ. ಗೊಣ್ಣೆ ಹುಳುವನ್ನು ಕೊಲ್ಲಲು ಅಂಗಡಿಯಲ್ಲಿ ಮಾರುವ ಹೆಟೆರೋರ್‍ಯಾಬ್ಡಿಟಿಸ್ ಕೂಡ ಜಂತುಹುಳುವೇ. ಹೊಲಕ್ಕೆ ಸುರಿದ ವಿಷ ಇವುಗಳಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೇಳುವುದಿಲ್ಲ.

ಎರಿ ಹೊಲದ ಹುಳು, ಮಸಾರಿ ಹೊಲದ ಹುಳು

ಸೋಯಾ ಬೇರಿಗೆ ಬೀಳುವ ಮುಖ್ಯ ಹುಳುಗಳು ಎರಡು. ಒಂದು ಮೇಲೆ ಹೇಳಿದ ಬೇರುಗಂಟು ಹುಳು. ಮರಳು ಬೆರೆತ ಹಗುರ ಮಣ್ಣು, ಅಂದರೆ ಮಸಾರಿ, ಅದಕ್ಕೆ ಪ್ರಿಯ. ಇನ್ನೊಂದು ರೆನಿಫಾರ್ಮ್ ಹುಳು. ಹೆಣ್ಣಿನ ದೇಹ ಮೂತ್ರಪಿಂಡದ ಆಕಾರಕ್ಕೆ ಉಬ್ಬುವುದರಿಂದ ಈ ಹೆಸರು. ಜಿಗುಟು ಹೆಚ್ಚಿರುವ ಎರಿ ಮಣ್ಣು ಅದಕ್ಕೆ ಒಗ್ಗುತ್ತದೆ. ಅದು ಬೇರಿನಲ್ಲಿ ಗಂಟು ಮಾಡುವುದಿಲ್ಲ. ಬೇರು ಚಿಕ್ಕದಾಗಿ, ಕವಲು ಕಡಿಮೆಯಾಗಿ, ತೊಳೆದರೂ ಮಣ್ಣಿನ ಕಣ ಅಲ್ಲಲ್ಲಿ ಅಂಟಿಕೊಂಡಂತೆ ಕಾಣುತ್ತದೆ. ಆ ಕಣಗಳ ಅಡಿಯಲ್ಲಿರುವುದು ಮೊಟ್ಟೆಯ ಅಂಟು. ಹಾವೇರಿ ಜಿಲ್ಲೆಯಲ್ಲಿ ಒಂದೇ ಊರಿನ ಸರಹದ್ದಿನಲ್ಲಿ ಎರಿಯೂ ಇದೆ, ಮಸಾರಿಯೂ ಇದೆ. ಆದ್ದರಿಂದ ಅಣ್ಣನ ಹೊಲಕ್ಕೆ ಹೇಳಿದ ಮದ್ದು ತಮ್ಮನ ಹೊಲಕ್ಕೆ ಹೊಂದದೇ ಹೋಗಬಹುದು.

ಇದರ ದೊಡ್ಡ ಪರಿಣಾಮ ಗೋವಿನಜೋಳದಲ್ಲಿದೆ. ಸೋಯಾ ಸೋತರೆ ಮರುವರ್ಷ ಗೋವಿನಜೋಳ ಹಾಕುವುದು ಈ ಜಿಲ್ಲೆಯಲ್ಲಿ ನೀರು ಕುಡಿದಷ್ಟು ಸಲೀಸು. ರೆನಿಫಾರ್ಮ್ ಹುಳುವಿಗೆ ಗೋವಿನಜೋಳ ಆಹಾರವಲ್ಲ; ಎರಿ ಹೊಲದಲ್ಲಿ ಆ ಬದಲಾವಣೆ ಸರಿಯಾದ ಹೆಜ್ಜೆ. ಆದರೆ ಇನ್‌ಕಾಗ್ನಿಟಾ ಗೋವಿನಜೋಳದ ಬೇರಿನಲ್ಲೂ ಸಂಸಾರ ಹೂಡಬಲ್ಲದು. ಗಂಟು ಅಷ್ಟಾಗಿ ಕಾಣಿಸುವುದಿಲ್ಲ, ಬೆಳೆಯೂ ಸೊರಗಿದಂತೆ ತೋರುವುದಿಲ್ಲ. ಮಸಾರಿ ರೈತ ಬೆಳೆ ಬದಲಿಸಿದೆನೆಂದು ನೆಮ್ಮದಿಯಾಗಿರುವಾಗ ಹುಳು ಬದಲಾವಣೆಯ ಸುದ್ದಿಯೇ ಇಲ್ಲದೆ ಉಣ್ಣುತ್ತಿರುತ್ತದೆ. ಜೋಳವೂ ರೆನಿಫಾರ್ಮ್‌ಗೆ ಸಲ್ಲದು. ಬೇರುಗಂಟಿನ ವಿಷಯದಲ್ಲಿ ಮಾತ್ರ ತಳಿಯಿಂದ ತಳಿಗೆ ವ್ಯತ್ಯಾಸವಿದೆ. ಶೇಂಗಾ ಇನ್‌ಕಾಗ್ನಿಟಾಕ್ಕೂ ರೆನಿಫಾರ್ಮ್‌ಗೂ ಊಟವಲ್ಲ. ಬೇರುಗಂಟಿನ ಬೇರೆ ಕೆಲವು ಜಾತಿಗಳು ಅದನ್ನು ತಿನ್ನಬಲ್ಲವಾದ್ದರಿಂದ ಹೊಲದಲ್ಲಿರುವುದು ಯಾವುದೆಂದು ತಿಳಿದು ಹಾಕುವುದು ಲೇಸು. ಎಳ್ಳು ಇನ್‌ಕಾಗ್ನಿಟಾವನ್ನು ಉಪವಾಸ ಕೆಡವುತ್ತದೆ. ಸೆಣಬು ಎರಡೂ ಹುಳುಗಳಿಗೆ ಒಲ್ಲದ ಊಟ.

ಉಳಿದ ಪಟ್ಟಿ ನೋಡಿ: ಹತ್ತಿ, ಮೆಣಸಿನಕಾಯಿ, ಟೊಮೆಟೊ, ಬದನೆ, ಬೆಂಡೆ, ಸೌತೆ, ಅಲಸಂದಿ, ಹೆಸರು, ಹಿಂಗಾರಿನ ಕಡಲೆ. ಇವೆಲ್ಲವೂ ಎರಡರಲ್ಲಿ ಒಂದಕ್ಕೋ ಎರಡಕ್ಕೋ ಊಟ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲ್ಲೂಕುಗಳಲ್ಲಿ ರೊಕ್ಕ ತರುವ ಬೆಳೆಗಳ ಪಟ್ಟಿ ಬರೆದರೂ ಹೆಚ್ಚುಕಡಿಮೆ ಇದೇ ಆಗುತ್ತದೆ.

ಹುಳುವಿಗೆ ಬೇಸಿಗೆ ಇಲ್ಲದಾದ ಬಗೆ

ಮಳೆಯನ್ನೇ ನಂಬಿದ ಕಾಲದಲ್ಲಿ ಈ ಹುಳುವಿಗೆ ವರ್ಷದಲ್ಲಿ ಕೆಲವು ತಿಂಗಳು ಹಸಿವು ಖಾತ್ರಿಯಿತ್ತು. ಹಿಂಗಾರಿ ಜೋಳ ಕೊಯ್ದ ಮೇಲೆ ಮುಂಗಾರು ಮಳೆವರೆಗೂ ಹೊಲ ಬರಿದು. ಫೆಬ್ರುವರಿಯಿಂದ ಮೇ ತನಕ ಬಿಸಿಲು ಬಿದ್ದು ಮಣ್ಣು ಬಿರುಕು ಬಿಡುತ್ತಿತ್ತು. ಬ್ಯಾಡಗಿ ಮೆಣಸಿನಕಾಯಿಯ ನಡುವೆ ಹತ್ತಿ ಹಾಕುತ್ತಿದ್ದ ಹಳೆಯ ಪದ್ಧತಿಯಲ್ಲೂ ಹುಳುವಿಗೆ ಊಟವಿತ್ತು, ಸುಳ್ಳಲ್ಲ. ಆದರೆ ಆ ಹೊಲಕ್ಕೆ ಮರುವರ್ಷ ಜೋಳ ಬೀಳುತ್ತಿತ್ತು, ಬೇಸಿಗೆ ಒಣಗಿಸುತ್ತಿತ್ತು, ಕುರಿ ಮಂದೆ ಬಂದು ಗೊಬ್ಬರ ಚೆಲ್ಲುತ್ತಿತ್ತು.

ಕೊಳವೆಬಾವಿ ಬಂತು, ತುಂಗಾ ಮೇಲ್ದಂಡೆ ಕಾಲುವೆ ಬಂತು. ನೀರು ಬಂದ ಹೊಲದಲ್ಲಿ ಮುಂಗಾರಿಗೆ ಸೋಯಾ, ಹಿಂಗಾರಿಗೆ ಕಡಲೆ, ಬೇಸಿಗೆಗೆ ತರಕಾರಿ ಎಂಬ ಸರಪಣಿ ಶುರುವಾಯಿತು. ರೈತನ ಕೈಗೆ ಮೂರು ಬೆಳೆ ಸಿಕ್ಕವು. ಹುಳುವಿಗೆ ಒಂದು ದಿನವೂ ಉಪವಾಸವಿಲ್ಲದಾಯಿತು.

ರಾಣೆಬೆನ್ನೂರು ಸುತ್ತಿನ ಹೈಬ್ರಿಡ್ ಬೀಜೋತ್ಪಾದನೆಯಲ್ಲಿ ಈ ಲೆಕ್ಕ ಇನ್ನೂ ಬಿಗಿ. ಟೊಮೆಟೊ, ಮೆಣಸು, ಸೌತೆ, ಬೆಂಡೆಯ ಕ್ರಾಸಿಂಗ್ ಕೆಲಸ ಈ ಸೀಮೆಯ ಸಾವಿರಾರು ಹೆಣ್ಣುಮಕ್ಕಳ ಕೈಗೆ ಕೂಲಿ ಕೊಟ್ಟಿದೆ, ಸಣ್ಣ ಹಿಡುವಳಿಯನ್ನೂ ಲಾಭಕ್ಕೆ ತಂದಿದೆ. ಆದರೆ ನೆರಳು ಪರದೆಯ ಅಡಿಯಲ್ಲಿ ವರ್ಷಕ್ಕೆ ವರ್ಷ ಅದೇ ಜಾಗ, ಅದೇ ಜಾತಿಯ ಬೆಳೆ, ಹನಿ ನೀರಾವರಿಯ ಬಿಡದ ತೇವ. ಬೇರುಗಂಟು ಹುಳುವಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಪರದೆ ಮನೆಯಲ್ಲಿ ಹೆಚ್ಚಿದ ಹುಳು ಅಲ್ಲೇ ನಿಲ್ಲುವುದಿಲ್ಲ. ಸಸಿಯ ಬೇರಿನ ಜೊತೆ, ಟ್ರ್ಯಾಕ್ಟರ್ ಗಾಲಿಯ ಕೆಸರಿನ ಜೊತೆ, ಹರಿದ ಮಳೆನೀರಿನ ಜೊತೆ ಪಕ್ಕದ ಸೋಯಾ ಹೊಲಕ್ಕೂ ಇಳಿಯುತ್ತದೆ.

2011ರಲ್ಲಿ ಭೌಗೋಳಿಕ ಸೂಚಿಕೆಯ ಗೌರವ ಪಡೆದ ಬ್ಯಾಡಗಿ ಮೆಣಸಿನಕಾಯಿ ಇಂದು ಬ್ಯಾಡಗಿ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ. ಸ್ವಂತ ನೆಲದಲ್ಲಿ ಅದು ಹಿಂದೆ ಸರಿದದ್ದಕ್ಕೆ ಮುಟುರು ರೋಗ, ಇಳುವರಿ, ಕೂಲಿ ಎಂದು ಹಲವು ಕಾರಣಗಳಿವೆ. ಅದು ಬಿಟ್ಟುಹೋದ ಜಾಗಕ್ಕೆ ಬಂದ ಸೋಯಾ, ಹತ್ತಿಗಳೂ ಹುಳುವಿಗೆ ಊಟವೇ ಆದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ತುಕ್ಕು ರೋಗ ಎಲೆಯ ಮೇಲೆ ಕಣ್ಣಿಗೆ ಹೊಡೆದು ಕಂಡಿತು. ಅದಕ್ಕೆ ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಎಸ್‌ಬಿ-21 ತಳಿ ಕೊಟ್ಟಿತು. ಬೇರಿನ ರೋಗ ಕಾಣಲಿಲ್ಲ, ಕೇಳುವವರೂ ಇರಲಿಲ್ಲ.

ವಿಷದ ದಾರಿ ಮುಚ್ಚುತ್ತಿದೆ

ಜಂತುನಾಶಕಗಳ ಚರಿತ್ರೆ ಹೆಮ್ಮೆ ಪಡುವಂಥದಲ್ಲ. ಒಂದು ಕಾಲದಲ್ಲಿ ಜಗತ್ತಿನಾದ್ಯಂತ ಬಳಸಿದ ಡಿಬಿಸಿಪಿ, ಅಂದರೆ ನೆಮಗಾನ್, ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಖಾನೆಯ ಗಂಡಸರಿಗೆ ಮಕ್ಕಳಾಗದ ಸಂಗತಿ 1977ರಲ್ಲಿ ಬಯಲಾಯಿತು. ನಿಕರಾಗುವಾದ ಬಾಳೆ ತೋಟದ ಕೂಲಿಗಳು ಅದರ ಪರಿಣಾಮಕ್ಕಾಗಿ ದಶಕಗಳ ಕಾಲ ಕೋರ್ಟಿಗೆ ಅಲೆದರು. ನಮ್ಮಲ್ಲಿ ಬೇರಿನ ಬುಡಕ್ಕೆ ಕಾಳು ಕಾಳಾಗಿ ಚೆಲ್ಲುತ್ತಿದ್ದ ಫೋರೇಟ್ ಅನ್ನು ಕೇಂದ್ರ ಸರ್ಕಾರದ 2018ರ ಆದೇಶ 2020ರ ಡಿಸೆಂಬರ್ 31ಕ್ಕೆ ಕೊನೆಗೊಳಿಸಿತು.

ವಿಷದ ಮಾತು ಬದಿಗಿಟ್ಟು ರೊಕ್ಕದ ಲೆಕ್ಕ ಹಾಕಿದರೂ ಸೋಯಾಕ್ಕೆ ಜಂತುನಾಶಕ ಕಟ್ಟುವುದಿಲ್ಲ. 2025–26ರಲ್ಲಿ ಸೋಯಾಬೀನ್ ಬೆಂಬಲ ಬೆಲೆ ಕ್ವಿಂಟಲಿಗೆ ₹5,328. ಎಕರೆಗೆ 6 ಕ್ವಿಂಟಲ್ ಬಂದು ಪೂರ್ತಿ ಬೆಂಬಲ ಬೆಲೆ ಸಿಕ್ಕರೂ ಕೈಗೆ ಬರುವುದು 32 ಸಾವಿರಕ್ಕೆ ತುಸು ಕಡಿಮೆ. ಬೀಜ, ಗೊಬ್ಬರ, ಕಳೆ, ಕೊಯ್ಲು, ರಾಶಿಯ ಖರ್ಚು ಕಳೆದರೆ ದುಬಾರಿ ಔಷಧಿಗೆ ಅಲ್ಲಿ ಜಾಗವೇ ಇಲ್ಲ. ಇದೇ ಮಾತು ಸಾವಯವ ಅಂಗಡಿಯ ದುಬಾರಿ ಬಾಟಲಿಗೂ ಅನ್ವಯಿಸುತ್ತದೆ. ಸೋಯಾ ಹೊಲಕ್ಕೆ ಬೇಕಿರುವುದು ಖರ್ಚಿಲ್ಲದ ಮದ್ದು. ಅಂಥದ್ದು ಸಿಗುವುದು ಬೆಳೆಯ ಸರದಿಯಲ್ಲಿ, ಬೇಸಿಗೆಯ ಬಿಸಿಲಿನಲ್ಲಿ, ತಿಪ್ಪೆಯಲ್ಲಿ.

ರೋಗನಿರೋಧಕ ತಳಿ ಬಂದರೆ ಎಲ್ಲ ಮುಗಿಯಿತು ಎನ್ನುವವರು ಅಮೆರಿಕದ ಕಡೆ ನೋಡಬೇಕು. ಅಲ್ಲಿನ ಸೋಯಾಕ್ಕೆ ಅತಿ ಹೆಚ್ಚು ನಷ್ಟ ಮಾಡುವುದು ಸಿಸ್ಟ್ ಜಂತುಹುಳು. 1954ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಮೊದಲು ಸಿಕ್ಕಿತು. ಅದಕ್ಕೆ ಮಣಿಯದ ಗುಣವನ್ನು ಪಿಐ 88788 ಎಂಬ ಒಂದೇ ಮೂಲದಿಂದ ತೆಗೆದು ಬಹುತೇಕ ಎಲ್ಲ ನಿರೋಧಕ ತಳಿಗಳಿಗೂ ಸೇರಿಸಿದರು. ದಶಕಗಳ ಕಾಲ ಅದೊಂದನ್ನೇ ಬಿತ್ತಿದ ಹೊಲಗಳಲ್ಲಿ ಹುಳು ಆ ತಳಿಗಳನ್ನೂ ಅರಗಿಸಿಕೊಳ್ಳಲು ಕಲಿಯಿತು. ನಮ್ಮ ಹೊಲದ ಹುಳು ಬೇರೆ, ಆದ್ದರಿಂದ ಮೊಬೈಲಿನಲ್ಲಿ ನೋಡಿದ ಅಲ್ಲಿನ ಸಲಹೆ ಹಾಗೇ ಇಲ್ಲಿಗೆ ಒಗ್ಗದು. ಒಂದೇ ಉಪಾಯಕ್ಕೆ ಜೋತುಬಿದ್ದರೆ ಏನಾಗುತ್ತದೆ ಎಂಬ ಪಾಠ ಮಾತ್ರ ಎಲ್ಲ ಹೊಲಕ್ಕೂ ಒಂದೇ.

ಬಿಸಿಲು, ಹೂವು, ಹಿಂಡಿ

ಬೇಸಿಗೆ ಉಳುಮೆ ಎಲ್ಲಕ್ಕಿಂತ ಅಗ್ಗ. ಹಿಂಗಾರಿ ಬೆಳೆ ತೆಗೆದ ಮೇಲೆ ಆಳವಾಗಿ ಉತ್ತು, 10–15 ದಿನ ಬಿಟ್ಟು ಮತ್ತೊಮ್ಮೆ, ಸಾಧ್ಯವಾದರೆ ಮೂರನೆಯ ಸಲ ಮಣ್ಣು ಮಗುಚಿದರೆ ಮೊಟ್ಟೆ, ಮರಿಗಳು ಏಪ್ರಿಲ್–ಮೇ ಬಿಸಿಲಿಗೆ ಒಣಗುತ್ತವೆ. ಇಳಿಜಾರಿಗೆ ಅಡ್ಡವಾಗಿಯೇ ಉಳಬೇಕು, ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೆ ಮೇಲ್ಮಣ್ಣು ಹೋಗುತ್ತದೆ. ಬೇರುಗಂಟಿಗೆ ಇದು ಚೆನ್ನಾಗಿ ನಾಟುತ್ತದೆ. ರೆನಿಫಾರ್ಮ್ ಹುಳು ಒಣಗಿದ ಮಣ್ಣಿನಲ್ಲಿ ಬಹುಕಾಲ ಸುಮ್ಮನೆ ಬದುಕಿರಬಲ್ಲದು, ನೇಗಿಲು ಮುಟ್ಟದ ಆಳದಲ್ಲೂ ಇರುತ್ತದೆ. ಎರಿ ಹೊಲದವರು ಉಳುಮೆಯೊಂದನ್ನೇ ನಂಬಬಾರದು.

ಸಸಿಮಡಿ ಮತ್ತು ಪರದೆ ಮನೆಗೆ ಬಿಸಿಲನ್ನು ಇನ್ನೊಂದು ಬಗೆಯಲ್ಲಿ ಬಳಸಬಹುದು. ಮಣ್ಣು ಹಸಿ ಮಾಡಿ, ಅದರ ಮೇಲೆ 25 ಮೈಕ್ರಾನ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ, 4ರಿಂದ 6 ವಾರ ಬಿಡುವುದು. 1976ರಲ್ಲಿ ಇಸ್ರೇಲಿನ ಯಾಕೋವ್ ಕಟಾನ್ ಮತ್ತು ಸಂಗಡಿಗರು ಜಗತ್ತಿಗೆ ತಿಳಿಸಿದ ಈ ಉಪಾಯಕ್ಕೆ ನಮ್ಮ ಬೇಸಿಗೆಗಿಂತ ಒಳ್ಳೆಯ ಹಂಗಾಮು ಬೇಕಿಲ್ಲ. ಕಪ್ಪು ಹಾಳೆ ಈ ಕೆಲಸಕ್ಕೆ ಅಷ್ಟು ಬಾರದು. ಇಡೀ ಸೋಯಾ ಹೊಲಕ್ಕೆ ಹಾಳೆ ಹೊದಿಸುವುದು ಖರ್ಚಿನ ಮಾತು. ಆದರೆ ಮೆಣಸು, ಟೊಮೆಟೊ ಸಸಿ ಶುದ್ಧವಾಗಿ ಬಂದರೆ ಆ ಹೊಲಕ್ಕೆ ಮುಂದೆ ಬೀಳುವ ಸೋಯಾವೂ ಉಳಿಯುತ್ತದೆ. ನರ್ಸರಿಯಿಂದ ಸಸಿ ತರುವಾಗ ಎಲೆ ನೋಡಿ ದುಡ್ಡು ಎಣಿಸುವ ಬದಲು ನಾಲ್ಕು ಸಸಿಯ ಬೇರು ತೊಳೆದು ನೋಡುವ ರೂಢಿ ಬರಬೇಕು.

ಚೆಂಡು ಹೂವಿನ ಬೇರು ಬೇರುಗಂಟು ಹುಳುವಿಗೆ ವಿಷ ಎಂಬುದು ಬರೀ ನಂಬಿಕೆಯಲ್ಲ. ಅದರ ಬೇರಿನಲ್ಲಿರುವ ಟರ್ಥೈನಿಲ್ ಎಂಬ ವಸ್ತುವನ್ನು ಹಾಲೆಂಡಿನ ವಿಜ್ಞಾನಿಗಳು 1958ರಲ್ಲಿಯೇ ಬೇರ್ಪಡಿಸಿ ತೋರಿಸಿದ್ದಾರೆ. ಆದರೆ ಬದುವಿನ ಮೇಲೆ ಒಂದು ಸಾಲು ಹಾಕಿದರೆ ಹೊಲದ ನಡುವಿನ ಹುಳುವಿಗೆ ಏನೂ ಆಗದು. ಹುಳು ಇರುವ ಜಾಗದಲ್ಲೇ ಒತ್ತಾಗಿ, ಎರಡು ತಿಂಗಳಿಗಿಂತ ಹೆಚ್ಚು ಕಾಲ ಬೆಳೆಯಬೇಕು. ದಸರಾ, ದೀಪಾವಳಿಯ ಮಾರುಕಟ್ಟೆಗೆ ಹೊಂದಿಸಿ ಬೆಳೆದರೆ ಮದ್ದೂ ಆಯಿತು, ರೊಕ್ಕವೂ ಬಂತು. ಬಿತ್ತನೆ ತಡವಾದ ಮಸಾರಿ ಹೊಲದಲ್ಲಿ ಸೆಣಬು ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು ಇನ್ನೊಂದು ದಾರಿ.

ಬೇವಿನ ಹಿಂಡಿ, ಹೊಂಗೆ ಹಿಂಡಿ ಕೊಳೆಯುವಾಗ ಹುಳುವಿಗೆ ಸಹಿಸಲಾಗದ ವಸ್ತುಗಳು ಹೊರಬರುತ್ತವೆ. ಎಕರೆಗೆ ಕ್ವಿಂಟಲ್‌ಗಟ್ಟಲೆ ಬೇಕಾಗುವುದರಿಂದ ಇಡೀ ಸೋಯಾ ಹೊಲಕ್ಕಿಂತ ಮೆಣಸಿನ ಸಾಲಿಗೆ, ಸಸಿಮಡಿಗೆ, ಗಿಡ ಕುಳ್ಳಾದ ಜಾಗಕ್ಕೆ ಹಾಕುವುದು ಜಾಣತನ. ಹುಳುವಿನ ಮೊಟ್ಟೆ ತಿನ್ನುವ ಪರ್ಪುರಿಯೋಸಿಲಿಯಂ, ಪೋಕೋನಿಯಾ ಎಂಬ ಶಿಲೀಂಧ್ರಗಳನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಪುಡಿಯ ರೂಪದಲ್ಲಿ ಬಳಕೆಗೆ ತಂದಿದೆ. ಇವನ್ನು ನೇರ ಹೊಲಕ್ಕೆ ಚೆಲ್ಲುವುದಕ್ಕಿಂತ ಒಂದು ಟನ್ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 2 ಕಿಲೋದಂತೆ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ 15 ದಿನ ಇಟ್ಟು ಹಾಕಿದರೆ ಅವು ಬೆಳೆದು ಹೆಚ್ಚುತ್ತವೆ. ಬಿತ್ತನೆ ಬೀಜಕ್ಕೆ ಕಿಲೋಗೆ 4–5 ಗ್ರಾಂ ಟ್ರೈಕೋಡರ್ಮ ಹಚ್ಚುವುದು ಸುಲಭ. ಆದರೆ ಕಾರ್ಬೆಂಡಜಿಮ್ ಹಚ್ಚಿದ ಬೀಜಕ್ಕೆ ಅದನ್ನು ಹಚ್ಚಿದರೆ ಶಿಲೀಂಧ್ರನಾಶಕ ಅದನ್ನೇ ಕೊಲ್ಲುತ್ತದೆ. ಕೊಳ್ಳುವಾಗ ಪ್ಯಾಕೆಟ್ ಮೇಲಿನ ತಯಾರಿಕೆ ದಿನಾಂಕ ನೋಡಿ. ಬಿಸಿಲಿಗೆ ಬಿದ್ದು ಸತ್ತ ಜೀವಾಣುವಿಗೂ ಬೆಲೆ ಅಷ್ಟೇ.

ಇಷ್ಟೆಲ್ಲ ಮಾಡಿಯೂ ಶೇಂಗಾ ಸಾಲಿನ ನಡುವೆ ಗಣಿಕೆ ಗಿಡ, ರಾಜಗಿರಿ ಬಿಟ್ಟರೆ ಕೆಲಸ ಕೆಟ್ಟಿತು. ಹುಳುವಿಗೆ ಬೆಳೆ, ಕಳೆ ಎಂಬ ಭೇದವಿಲ್ಲ. ಕೊನೆಯ ಬಿಡಿ ಮುಗಿದ ಮೆಣಸು, ಟೊಮೆಟೊ ಗಿಡಗಳನ್ನು ನಿಂತಲ್ಲೇ ಒಣಗಲು ಬಿಡದೆ, ಬೇರು ಸಮೇತ ಕಿತ್ತು ಒಣಗಿಸಿ ಸುಟ್ಟರೆ ಒಂದು ತಲೆಮಾರು ಅಲ್ಲೇ ಕಡಿಮೆ.

ಪರೀಕ್ಷೆ ಹೀಗೆ

ಸಾಮಾನ್ಯ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಇರುತ್ತವೆ. ಜಂತುಹುಳುವಿನ ಎಣಿಕೆ ಇರುವುದಿಲ್ಲ. ಅದನ್ನು ಕೇಳಿ ಮಾಡಿಸಬೇಕು. ಬೆಳೆ ನಿಂತಿರುವಾಗಲೇ ಹೊಲದ 10–15 ಕಡೆ, ಬೇರಿನ ಪಕ್ಕ, ಗೇಣು ಆಳದ ಹಸಿ ಮಣ್ಣು ತೆಗೆದು ಬೆರೆಸಿ, ಅರ್ಧ ಕಿಲೋದಷ್ಟನ್ನು ಒಂದಿಷ್ಟು ಎಳೆ ಬೇರಿನ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಬೇಕು. ಒಣಗಿಸಬಾರದು, ಬಿಸಿಲಲ್ಲಿ ಇಡಬಾರದು. ಹುಳು ಸತ್ತರೆ ಎಣಿಸಲು ಬಾರದು. ಎಲ್ಲಿಗೆ ಕಳಿಸಬೇಕೆಂಬುದನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಮನೆಯಲ್ಲೇ ಮಾಡುವ ಪರೀಕ್ಷೆಯೂ ಇದೆ. ಅನುಮಾನದ ಜಾಗದ ಮಣ್ಣನ್ನು ಒಂದು ಕುಂಡಕ್ಕೆ ತುಂಬಿ ಟೊಮೆಟೊ ಇಲ್ಲವೇ ಸೌತೆ ಸಸಿ ನೆಟ್ಟು, 4–6 ವಾರ ನೀರು ಹಾಕಿ, ಕಿತ್ತು ಬೇರು ತೊಳೆದು ನೋಡಿ. ಗಂಟು ಇದ್ದರೆ ಬೇರುಗಂಟು ಹುಳು ಇದೆ. ರೆನಿಫಾರ್ಮ್ ಮಾತ್ರ ಈ ಪರೀಕ್ಷೆಗೆ ಸಿಗದು; ಅದಕ್ಕೆ ಪ್ರಯೋಗಾಲಯವೇ ಬೇಕು.

ಮೂರು ವರ್ಷದ ಲೆಕ್ಕ

ಬೇರುಗಂಟು ಖಚಿತವಾದ ಮಸಾರಿ ಹೊಲಕ್ಕೆ ಹೀಗೊಂದು ಸರದಿ ಯೋಚಿಸಬಹುದು: ಮೊದಲ ವರ್ಷ ಶೇಂಗಾ, ಎರಡನೆಯ ವರ್ಷ ಚೆಂಡು ಹೂ ಇಲ್ಲವೇ ಎಳ್ಳು, ಮೂರನೆಯ ವರ್ಷ ಸೋಯಾ, ನಡುವಿನ ಬೇಸಿಗೆಗಳಲ್ಲಿ ಉಳುಮೆ. ರೆನಿಫಾರ್ಮ್ ಇರುವ ಎರಿ ಹೊಲಕ್ಕೆ ಎರಡು ವರ್ಷ ಗೋವಿನಜೋಳ, ಹಿಂಗಾರಿಗೆ ಕಡಲೆಯ ಬದಲು ಜೋಳ, ಮೂರನೆಯ ವರ್ಷ ಸೋಯಾ. ಇದರಿಂದ ಹುಳು ನಿರ್ನಾಮವಾಗುವುದಿಲ್ಲ, ಬೆಳೆಗೆ ನೋವಾಗದ ಮಟ್ಟಕ್ಕೆ ಇಳಿಯುತ್ತದೆ. ಮತ್ತೆ ಸಾಲು ಸಾಲು ಸೋಯಾ, ಹತ್ತಿ ಹಾಕಿದರೆ ಮತ್ತೆ ಏರುತ್ತದೆ.

ಇದನ್ನು ಒಬ್ಬ ರೈತ ಮಾಡುವುದು ಕಷ್ಟವಲ್ಲ. ಮಾಡುವಂತೆ ಮಾರುಕಟ್ಟೆ ಬಿಡುವುದು ಕಷ್ಟ. ಎಳ್ಳಿಗೆ, ಶೇಂಗಾಕ್ಕೆ ಹತ್ತಿರದಲ್ಲೇ ಖರೀದಿ ಇದ್ದರೆ, ಬೀಜೋತ್ಪಾದನೆಯ ಗುತ್ತಿಗೆಯಲ್ಲಿ ಜಾಗ ಬದಲಿಸುವ ಷರತ್ತೂ ಸೇರಿದರೆ, ನರ್ಸರಿಗಳ ಪರವಾನಗಿಗೆ ಬೇರಿನ ತಪಾಸಣೆಯನ್ನೂ ಕಟ್ಟಿದರೆ ಬೆಳೆ ಸರದಿ ಪುಸ್ತಕದಿಂದ ಹೊಲಕ್ಕೆ ಇಳಿದೀತು. ಅದಕ್ಕೆ ಮೊದಲು ರೈತರ ಕೈಯಲ್ಲೇ ಇರುವ ಒಂದು ಕೆಲಸವಿದೆ. ಈ ಹಂಗಾಮಿನ ಸೋಯಾ ಇನ್ನೂ ಹಸಿರಾಗಿರುವಾಗಲೇ ಹೊಲದ ಹತ್ತು ಕಡೆ ಗಿಡ ಎಬ್ಬಿಸಿ ಬೇರು ನೋಡಿ, ಗಂಟು ಎಲ್ಲಿ ಸಿಕ್ಕಿತು, ಎಷ್ಟಿತ್ತು ಎಂದು ಸರ್ವೆ ನಂಬರಿನ ಜೊತೆ ಬರೆದಿಟ್ಟುಕೊಳ್ಳುವುದು. ಮುಂದಿನ ವರ್ಷ ಯಾವ ಹೊಲಕ್ಕೆ ಏನು ಬಿತ್ತಬೇಕೆಂಬ ತೀರ್ಮಾನ ಬೀಜದ ಅಂಗಡಿಯಲ್ಲಿ ಆಗುವ ಬದಲು ಆ ಚೀಟಿ ನೋಡಿ ಆಗಲಿ.